ಸೌದೆ ಮೇಲಿನ ಮಾಸ್ಟರ್

ಆಗ ನನಗೆ ಅರವತ್ತಮೂರು. ಅದಾಗಿ ಎಂಟು ವರ್ಷವಾಯಿತು. ಕೂಡುವ ಲೆಕ್ಕ ನೀವೇ ಮಾಡಿಕೊಳ್ಳಿ. ವಯಸ್ಸು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ, ಕೂಡುವುದಕ್ಕೆ ಬೇಜಾರು. ಇದೆಲ್ಲ ನೆನಪಾಗಿದ್ದು ನಿನ್ನೆ ಸಂಜೆಯ ಗಾಳಿಯಿಂದ. ಹಿತ್ತಲಲ್ಲಿ ಸೌದೆ ನೆನೆಯದಿರಲಿ ಎಂದು ಹಳೆಯ ಫ್ಲೆಕ್ಸೊಂದನ್ನು ಹೊದಿಸಿ ಮೇಲೆ ಕಲ್ಲಿಟ್ಟಿದ್ದೆ. ಗಾಳಿ ಕಲ್ಲನ್ನು ಉರುಳಿಸಿ ಫ್ಲೆಕ್ಸನ್ನು ಮಗುಚಿ ಹಾಕಿತು. ಹೋಗಿ ನೋಡಿದರೆ ಸೌದೆಯ ಮೇಲೆ ನಮ್ಮನೆಯವರು! ಕೊರಳಲ್ಲಿ ಹಾರ, ಎರಡು ಪಕ್ಕದಲ್ಲೂ ದೀಪ, ತಲೆಯ ಮೇಲೆ ನೀರು ಸುರಿಸುವ ಒಂದು ದೊಡ್ಡ ಕಣ್ಣು. ಮೂಗಿನ ಹತ್ತಿರ ಇಲಿ ಕಡಿದಿತ್ತು. ಅವರು ಹೋಗಿ ವರ್ಷದ ಮೇಲಾಯಿತು, ಆದರೂ ಮುಖ ಕಂಡ ಕೂಡಲೇ ನನ್ನ ಬಾಯಿಗೆ ಬಂದಿದ್ದು ಬೈಗುಳವೇ.

ನಿನ್ನೆಯೇ ನಮ್ಮೂರ ಫುಟ್ಬಾಲ್ ಟೀಮಿನವರು ಈಗಿನ ಕೋಚನ್ನು ಸೀಸನ್ ನಡುವೆ ಕಿತ್ತುಹಾಕಿದ್ದರು. ಬೆಳಿಗ್ಗೆಯಿಂದ ನಾನು ಇಡ್ಲಿ ಮಾರುವ ಜಗಲಿಯ ಮೇಲೆ ಅದೇ ಗಲಾಟೆ. ಅದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿರುವಾಗ ಈ ಮುಖ ಬೇರೆ ಎದ್ದು ಬಂತು. ಬಂದ ಮೇಲೆ ಹೇಳಿಯೇ ಬಿಡುತ್ತೇನೆ, ಕೂತುಕೊಳ್ಳಿ.

ನಮ್ಮದು ಊರಿಗಾಂನ ಲೈನ್ ಮನೆ. ಚಿನ್ನದ ಗಣಿ ಕೆಲಸದವರಿಗೆ ಕಂಪನಿ ಸಾಲಾಗಿ ಕಟ್ಟಿಸಿಕೊಟ್ಟಿದ್ದು. ನಾನು ಕ್ಯಾಸಂಬಳ್ಳಿ ಕಡೆಯ ರಾಗಿ ಹೊಲದಿಂದ ಬಂದವಳು. ಇಲ್ಲಿಗೆ ಬಂದು ತಮಿಳು ಕಲಿತೆ, ಇಡ್ಲಿ ಹುಯ್ಯುವುದು ಕಲಿತೆ, ಫುಟ್ಬಾಲ್ ಮಾತ್ರ ತಲೆಗೆ ಹತ್ತಲಿಲ್ಲ. ಎದುರಿಗೇ ಮೈದಾನ, ಬೇಡವೆಂದರೂ ಚೆಂಡು ಬಂದು ತಗಡಿಗೆ ಬಡಿಯುತ್ತದೆ. ನಮ್ಮವರು ಗೋಲು ಹೊಡೆದರೆ ಊರೇ ಹುಯ್ಲೆಬ್ಬಿಸುತ್ತದೆ. ಎದುರಿನವರು ಹೊಡೆದರೆ ಎಷ್ಟು ನಿಶ್ಶಬ್ದವೆಂದರೆ, ಒಲೆಯ ಮೇಲಿನ ಸಾರು ಕುದಿಯುವುದು ಕೇಳಿಸುತ್ತದೆ. ನನಗೆ ತಿಳಿದ ಫುಟ್ಬಾಲ್ ಇಷ್ಟೇ. ಗಣಿ ಮುಚ್ಚಿತು, ಗಂಡಸರೆಲ್ಲ ಕತ್ತಲಿರುವಾಗಲೇ ಎದ್ದು ಬಂಗಾರಪೇಟೆ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗಿ ಬರುವಂತಾಯಿತು. ಆದರೂ ಭಾನುವಾರ ಬಂತೆಂದರೆ ಎಲ್ಲರೂ ಮೈದಾನದ ಸುತ್ತ.

ನಮ್ಮನೆಯವರು ವಯಸ್ಸಿನಲ್ಲಿ ಗಣಿಯ ಟೀಮಿಗೆ ಆಡಿದವರು. ಮುದುಕರಾದ ಮೇಲೆ ಲೈನ್ ಬಾಯ್ಸ್ ಟೀಮಿಗೆ ಕೋಚ್ ಆದರು. ಎಲ್ಲರ ಬಾಯಲ್ಲೂ ಮಾಸ್ಟರ್. ಬಿಡಿಗಾಸಿನ ಸಂಬಳವಿಲ್ಲ, ಒಂದು ಪೀಪಿ ಮಾತ್ರ ಕೊಟ್ಟಿದ್ದರು. ಅದನ್ನು ಊದಿಕೊಂಡು 'ಪಾಸು, ಪಾಸು' ಎಂದು ಸಾಯಂಕಾಲವೆಲ್ಲ ಅರಚುತ್ತಿದ್ದರು. ಹಾಗೆ ಪಾಸು ಮಾಡಿಕೊಂಡೇ, ನನಗೆ ಅರವತ್ತಮೂರಾದ ಆ ವರ್ಷ ನಮ್ಮ ಟೀಮು ಮೇಲಿಂದ ಮೇಲೆ ಸೋತಿತು.

ಸೋತ ಮರುದಿನ ಎಲ್ಲರೂ ಬೈಯಲು ಬರುವುದು ಎಲ್ಲಿಗೆ? ನನ್ನ ಜಗಲಿಗೆ. ಇಡ್ಲಿ ಬೇರೆ ಕಡೆಯೂ ಸಿಗುತ್ತದೆ, ಮಾಸ್ಟರ್ ಮನೆಯ ಮುಂದೆಯೇ ಕೂತು ಮಾಸ್ಟರನ್ನು ಬೈಯುವ ಸುಖ ಬೇರೆ ಕಡೆ ಸಿಗುವುದಿಲ್ಲ. ಅದರಲ್ಲಿ ಆಟೋ ಓಡಿಸುವ ದೊರೈ ಮುಂದಾಳು. ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಏರಿಸಿ, ತಮಿಳಿನಲ್ಲಿ ಮುಗಿಸುತ್ತಿದ್ದ.

"ಗೋಲು ಒಡೀರಪ್ಪಾ ಅಂದ್ರೆ ಈಯಪ್ಪ ಪಾಸು ಪಾಸು ಅಂತಾನೆ. ಮೊದ್ಲು ಈ ಮುದುಕನ್ನ ಎತ್ತಿ ಆಚೆಗೆ ಆಕ್ಬೇಕು" ಎಂದವನು, ನಾನು ಚಟ್ನಿ ಹಿಡಿದು ನಿಂತಿರುವುದನ್ನು ಕಂಡು ನಾಲಿಗೆ ಕಚ್ಚಿಕೊಂಡ. "ನಿನ್ನ ಗಂಡ ಅಂತ ಅಲ್ಲಕ್ಕಾ..."

"ನನ್ನ ಗಂಡ ಅಂತಾನೇ ಬೈಯಿ ಕಣ್ಲಾ. ನಾನು ಅಂಗೇ ಬೈಯೋದು. ಚಟ್ನಿ ಆಕ್ಲಾ?"

"ಆಕು."

ಒಳಗೆ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ ನಮ್ಮನೆಯವರಿಗೆ ಎಲ್ಲವೂ ಕೇಳಿಸುತ್ತಿತ್ತು. ಸಿಟ್ಟಾಗುತ್ತಿರಲಿಲ್ಲ. ಯಾರ ದನಿ ಕಡಿಮೆಯಾಯಿತೋ ಅವರನ್ನೇ ವಿಚಾರಿಸುತ್ತಿದ್ದರು. "ಇವತ್ತು ಹಾಲಿನ ಮುನಿವೆಂಕಟ ಬೈಲಿಲ್ವಲ್ಲ, ಉಷಾರಾಗವ್ನಾ?"

ಟೀಮಿನ ಪ್ರೆಸಿಡೆಂಟು ಗೋವಿಂದಪ್ಪ. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಆಸಾಮಿ. ಒಂದು ಸಂಜೆ ನಮ್ಮ ಮನೆಗೆ ಬಂದ, ಎರಡು ಲೋಟ ಕಾಫಿ ಕುಡಿದ, ತನ್ನ ಮೊಣಕಾಲು ನೋವಿನ ಕತೆ ಹೇಳಿದ, ಹೋದ. ಹೋಗಿ ವಾಟ್ಸಾಪಿನಲ್ಲಿ ಹಾಕಿದನಂತೆ: ಇಂದಿನಿಂದ ಮಾಸ್ಟರ್ ಕೋಚ್ ಆಗಿರುವುದಿಲ್ಲ. ನಮ್ಮನೆಯವರ ಫೋನು ಬಟನ್ ಫೋನು. ಊರಿಗೆಲ್ಲ ಗೊತ್ತಾದ ಮೇಲೆ, ಮರುದಿನ ಇಡ್ಲಿ ತಿನ್ನುವವರ ಬಾಯಿಂದ ನನಗೆ ಗೊತ್ತಾಯಿತು. ಸಂಬಳವಿಲ್ಲದ ಕೆಲಸದಿಂದಲೂ ಮನುಷ್ಯನನ್ನು ತೆಗೆಯುತ್ತಾರೆಂದು ನಾನು ಅವತ್ತೇ ತಿಳಿದದ್ದು. ಒಳಗೆ ಹೋಗಿ ಹೇಳಿದೆ: "ನಿನ್ನ ತೆಗ್ದುಬಿಟ್ಟವ್ರಂತೆ. ನೀರು ಕಾದೈತೆ, ಸ್ನಾನಕ್ಕೆ ಏಳು." ಬೇರೆ ಹೆಂಗೆ ಹೇಳುವುದೋ ನನಗೆ ಗೊತ್ತಿಲ್ಲ.

ಇನ್ನು ಜಗಲಿ ಮೇಲೆ ಪಟಾಕಿ ಹೊಡೆಯುತ್ತಾರೆಂದು ಕಾದೆ. ಕೇಳಿದ್ದನ್ನು ದೇವರು ಕೊಟ್ಟಿದ್ದಾನಲ್ಲ! ಎಲ್ಲರೂ ಸಾವಿನ ಮನೆಯವರಂತೆ ಕೂತಿದ್ದರು. ದೊರೈ ಇಡ್ಲಿಯನ್ನು ಮುಟ್ಟಲಿಲ್ಲ.

"ಏನ್ಲಾ, ನೀನೇ ಅಲ್ವಾ ಎತ್ತಿ ಆಚೆಗೆ ಆಕಿ ಅಂದಿದ್ದು?" ಎಂದೆ.

"ಬೈಯೋದು ನಮ್ಮ ಅಕ್ಕು ಕಣಕ್ಕಾ" ಎಂದು ಎದ್ದು ನಿಂತ. "ಮಾಸ್ಟರನ್ನ ತೆಗ್ಯೋಕೆ ಆ ಶಾಮಿಯಾನದವನು ಯಾರು? ಒಂದಿನಾನಾದ್ರೂ ಗಂಟಲು ಅರ್ಕೊಂಡು ಬೈದವ್ನಾ ಅವ್ನು?"

ಸೊಸೆಯನ್ನು ದಿನವೂ ಬೈಯುವ ಅತ್ತೆ, ಪಕ್ಕದ ಮನೆಯವಳು ಒಂದು ಮಾತಂದರೆ ಪೊರಕೆ ಎತ್ತಿಕೊಳ್ಳುವುದಿಲ್ಲವೇ, ಆ ಜಾತಿಯ ನ್ಯಾಯ.

ಅವರ ದುಃಖ ಜಗಲಿಯಲ್ಲಿ ಮುಗಿಯಿತು, ನನ್ನ ಕಷ್ಟ ಅಡುಗೆಮನೆಯಲ್ಲಿ ಶುರುವಾಯಿತು. ಮೈದಾನ ತಪ್ಪಿದ ಗಂಡಸು ಎಲ್ಲಿಗೆ ಹೋಗಬೇಕು? ಬಾಗಿಲಿಗೆ ಒರಗಿ ನಿಂತು ನನಗೆ ಕೋಚಿಂಗ್ ಕೊಡತೊಡಗಿದರು. "ತಪ್ಪಲೆ ಅಲ್ಲಿ ಇಡ್ಬೇಡ, ಜಾಗ ಬಿಡು. ಎಲ್ಲಾನೂ ನೀನೇ ಇಟ್ಕೊಂಡು ಓಡಾಡ್ಬೇಡ, ಪಾಸ್ ಮಾಡು."

"ಯಾರಿಗೆ ಮಾಡ್ಲಿ? ಗೋಡೆಗಾ?"

ಸತ್ತು ಹೋಗುತ್ತಾನೇನೋ ಎಂಬ ಭಯ ನನಗಿರಲಿಲ್ಲ. ಹೀಗೇ ಒಲೆ ಮುಂದೆ ಬದುಕಿಬಿಡುತ್ತಾನೇನೋ ಎಂದು ಭಯವಾಗಿತ್ತು. ಆದರೆ ಕೆಲವು ದಿನದಲ್ಲಿ ಆ ಮಾತೂ ನಿಂತಿತು. ಪೀಪಿಯನ್ನು ಹುಣಸೆಹಣ್ಣಿನ ಡಬ್ಬದಲ್ಲಿ ಹಾಕಿ ಮುಚ್ಚಿದರು. ಹಗ್ಗದ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಇಟ್ಟ ಮುದ್ದೆ ಇಟ್ಟ ಹಾಗೇ. ಊಟ ಬಿಟ್ಟ ಗಂಡಸನ್ನು ಬೈದು ಎಬ್ಬಿಸಲು ನೋಡಿದೆ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರು. ಈಯಪ್ಪನನ್ನು ಮತ್ತೆ ಮೈದಾನಕ್ಕೆ ನೂಕದಿದ್ದರೆ ಮಂಚದಿಂದ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನೂಕುವುದು ಹೇಗೆ ಎನ್ನುವುದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ದೊರೈ ಒಂದು ಘನಕಾರ್ಯ ಮಾಡಿದ್ದ. ಮಾಸ್ಟರ್ ಪರವಾಗಿ ಫ್ಲೆಕ್ಸ್ ಹಾಕಿಸಲು ಆಂಡರ್ಸನ್‌ಪೇಟೆಗೆ ಹೋಗಿದ್ದ. ನಮ್ಮ ಕಡೆ ಫ್ಲೆಕ್ಸ್ ಎಂದರೆ ಎರಡೇ: ಹುಟ್ಟುಹಬ್ಬದ್ದು, ಸಾವಿನದ್ದು. ಹುಟ್ಟುಹಬ್ಬದ್ದಕ್ಕೆ ಕೇಕು, ಬಲೂನು. ಸಾವಿನದ್ದಕ್ಕೆ ದೀಪ, ಕಣ್ಣೀರು. ಅಂಗಡಿಯವನು ಸಂತೋಷದ್ದೋ ದುಃಖದ್ದೋ ಎಂದು ಕೇಳಿದ್ದಾನೆ, ಇವನು ಬಲು ದುಃಖದ್ದು ಎಂದಿದ್ದಾನೆ. ಇವನ ಹತ್ತಿರ ಇದ್ದ ಫೋಟೋದಲ್ಲಿ, ಯಾವುದೋ ಸನ್ಮಾನದಲ್ಲಿ ಹಾಕಿದ ಹಾರ ಕೊರಳಲ್ಲೇ ಇತ್ತು. ಕೆಳಗೆ 'ಮಾಸ್ಟರ್, ನಿಮ್ಮನ್ನು ಮರೆಯುವುದಿಲ್ಲ' ಎಂದು ಬರೆಸಿ, ಬೆಳಿಗ್ಗೆ ಬಸ್ಸು ನಿಲ್ಲುವ ಕಡೆ ಕಂಬಕ್ಕೆ ಕಟ್ಟಿದ. ಕಟ್ಟಿದವನು ಚೆನ್ನಾಗಿದೆಯೆಂದು ನೋಡಿ ಸಂತೋಷಪಟ್ಟು ಬಾಡಿಗೆಗೆ ಹೋದ. ಕ್ಯಾಸಂಬಳ್ಳಿ ಬಸ್ಸಿನವರು ಅದನ್ನು ನೋಡಿಕೊಂಡು ಹೋದರು.

ನನಗೆ ಇದ್ಯಾವುದೂ ಗೊತ್ತಿಲ್ಲ. ಇಡ್ಲಿ ಮುಗಿಸಿ ಪಾತ್ರೆ ತಿಕ್ಕುತ್ತಿದ್ದೆ. ಬೀದಿ ತುದಿಯಿಂದ ಎದೆ ಬಡಿದುಕೊಂಡು ಬಂದಳು ಚೌಡಮ್ಮ, ಕ್ಯಾಸಂಬಳ್ಳಿಗೆ ಕೊಟ್ಟಿದ್ದ ನಮ್ಮನೆಯವರ ತಂಗಿ. ಹಿಂದೆ ಟೆಂಪೋ ತುಂಬ ಜನ. ನಮ್ಮ ಕಡೆ ಹೆಂಗಸೊಬ್ಬಳು ಅಳುತ್ತಾ ಬಂದರೆ ಮೊದಲು ಕೊರಳು ತಬ್ಬಿ ಅಳಬೇಕು, ಯಾರು ಸತ್ತರೆಂದು ಆಮೇಲೆ ಕೇಳಬೇಕು. ಇವಳ ಗಂಡ ಹೋದನೆಂದು ನಾನು ಬೂದಿ ಕೈಯಲ್ಲೇ ತಬ್ಬಿಕೊಂಡು ಜೋರಾಗಿ ಅತ್ತೆ. ನಾನು ಅತ್ತಿದ್ದನ್ನು ಕಂಡು ಲೈನಿನವರೆಲ್ಲ ಬಂದು ಅತ್ತರು. ಅಷ್ಟರಲ್ಲಿ ನನ್ನ ತಮ್ಮ ಊರಿಂದ ಬಂದು ಕೈಯಲ್ಲಿ ಹೊಸ ಸೀರೆ ಹಿಡಿದು ನಿಂತ. ಗಂಡ ಸತ್ತವಳಿಗೆ ತವರಿನವರು ತರುವ ಸೀರೆ. ಆಗ ನನ್ನ ಅಳು ಅರ್ಧಕ್ಕೆ ನಿಂತಿತು.

"ಅಣ್ಣಯ್ಯೋ! ನನ್ನ ಬಂಗಾರದಂಥ ಅಣ್ಣಯ್ಯೋ!" ಚೌಡಮ್ಮ ನೆಲಕ್ಕೆ ಕೂತಳು. "ಒಂದಿನಾನೂ ಯಾರ್ನೂ ಗದರಿಸಿದವ್ನಲ್ಲ ಕಣೇ! ಎಲ್ಲಿ ಮಲಗ್ಸಿದ್ದೀರೇ ನನ್ನಣ್ಣನ್ನ?"

ನಾನು ಒಳಗೆ ಓಡಿದೆ. ಇಷ್ಟು ದಿನ ಗೋಡೆ ನೋಡುತ್ತಿದ್ದವರು ಎದ್ದು ಬಂದು, ಬಾಗಿಲ ಹಿಂದೆ ಕಿವಿ ಇಟ್ಟು ನಿಂತಿದ್ದರು! "ಏನಿದು?" ಎಂದು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟರು. "ಸುಮ್ಕಿರು. ಇನ್ನೊಂದಿಷ್ಟು ಮಾತಾಡ್ಲಿ."

ಮಾತಿಗೇನು ಬರ. ಹಾಲಿನ ಮುನಿವೆಂಕಟ ಕ್ಯಾನಿನ ಮೇಲೆ ಕೂತು, ಮಾಸ್ಟರ್ ಹೇಳಿದಂತೆ ಪಾಸು ಮಾಡಿದ್ದರೆ ಕಪ್ಪು ನಮ್ಮದೇ ಎಂದು ಅತ್ತ. ದೊರೈ ಆಟೋ ನಡುರಸ್ತೆಯಲ್ಲಿ ಬಿಟ್ಟು ಓಡಿಬಂದ. ಮಾಸ್ಟರ್ ಬದುಕಿದ್ದಾರೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಅಷ್ಟು ಜನ ಅಳುವುದನ್ನು ಕಂಡು ಅವನೂ ನಂಬಿದ. "ಅಯ್ಯೋ, ನಾನು ಕಟ್ಟಿದ ಫ್ಲೆಕ್ಸ್ ನೋಡಿ ಎದೆ ಒಡ್ಕೊಂಡು ಓಗ್ಬಿಟ್ರಾ ಮಾಸ್ಟ್ರೇ!" ಎಂದು ತಲೆ ಚಚ್ಚಿಕೊಂಡ.

ಆಗ ಬಂತು ಗೋವಿಂದಪ್ಪನ ಗಾಡಿ. ಸಾವಿನ ಮನೆಗೆ ಯಾರೂ ಕರೆಯದೆಯೇ ಶಾಮಿಯಾನ ಕಳಿಸುವುದು ಅವನ ಪದ್ಧತಿ, ಅದೊಂದು ಒಳ್ಳೆಯ ಗುಣ. ಕಂಬ ನೆಟ್ಟು, ಕುರ್ಚಿ ಹಾಕಿಸಿ, ಹಾರ ಹಿಡಿದುಕೊಂಡು ಬಾಗಿಲಿಗೆ ಬಂದ. ಎಲ್ಲರ ಕಣ್ಣೂ ಅವನ ಮೇಲೆ. ದೊರೈ ಅಂತೂ ನುಂಗುವಂತೆ ನೋಡುತ್ತಿದ್ದ. ಗೋವಿಂದಪ್ಪ ಕೈಮುಗಿದು, "ತಪ್ಪಾಯ್ತಪ್ಪಾ, ತಪ್ಪಾಯ್ತು. ಅವ್ರಂಥ ಮಾಸ್ಟರ್ ಇನ್ನೊಬ್ಬ ಉಟ್ಟಲ್ಲ. ತೆಗೀಬಾರದಿತ್ತು" ಎಂದ.

ಬಾಗಿಲು ತೆರೆಯಿತು. "ಮತ್ಯಾಕ್ಲಾ ತೆಗ್ದೆ?" ಎಂದರು ನಮ್ಮನೆಯವರು.

ಮುಂದಿನದನ್ನು ವರ್ಣಿಸಲು ನನಗೆ ಬರುವುದಿಲ್ಲ. ಗೋವಿಂದಪ್ಪ ಹಾರದೊಂದಿಗೆ ಹಿಂದಕ್ಕೆ ಬಿದ್ದ; ಅವನದೇ ಕುರ್ಚಿಗಳು ಹಿಡಿದುಕೊಂಡವು. ಚೌಡಮ್ಮ ಎದ್ದು, ಬದುಕಿದ್ದಕ್ಕೆ ಅಣ್ಣನ ಬೆನ್ನಿಗೆ ನಾಲ್ಕು ಗುದ್ದಿದಳು. "ಕೂಲಿ ಬಿಟ್ಟು ಬಂದಿದ್ದೀನಲ್ಲೋ ಪಾಪಿ!" ಅಷ್ಟು ಜನರ ಮುಂದೆ ಆಡಿದ ಮಾತನ್ನು ಗೋವಿಂದಪ್ಪ ನುಂಗುವಂತಿರಲಿಲ್ಲ. ನಾಳೆಯಿಂದಲೇ ಮೈದಾನಕ್ಕೆ ಬನ್ನಿ ಎಂದ. ನಾನು ಹುಣಸೆ ಡಬ್ಬದಿಂದ ಪೀಪಿ ತೆಗೆದು ಸೆರಗಿನಲ್ಲಿ ಒರೆಸಿಕೊಟ್ಟೆ. ಅವತ್ತು ಎರಡು ಮುದ್ದೆ ಉಂಡರು. ಹಾಕಿದ ಶಾಮಿಯಾನ ದಂಡವಾಗಬಾರದೆಂದು ಬಂದವರೆಲ್ಲ ಅಲ್ಲೇ ಉಂಡರು. ನನ್ನ ತಮ್ಮ ಸೀರೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. "ತಂದಿದ್ದೀಯಲ್ಲ, ಕೊಡು" ಎಂದು ಕಿತ್ತುಕೊಂಡೆ. ಅಪಶಕುನವೆಂದು ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಬಣ್ಣ ಚೆನ್ನಾಗಿತ್ತು, ಶಕುನ ನೋಡಿದರೆ ಆಗುತ್ತದೆಯೇ. ಫ್ಲೆಕ್ಸು ಸೌದೆಯ ಮೇಲಕ್ಕೆ ಹೋಯಿತು.

ಮುಂದಿನ ಭಾನುವಾರ ಟೀಮು ಮತ್ತೆ ಸೋತಿತು. ಸೋಮವಾರ ಜಗಲಿ ತುಂಬಿತು. "ಈ ಮುದುಕ ಸತ್ರೂ ಪಾಸು ಬಿಡಲ್ಲ ಕಣಕ್ಕಾ" ಎಂದು ದೊರೈ ಶುರು ಮಾಡಿದ. ಒಳಗೆ ಬೂಟಿಗೆ ಎಣ್ಣೆ ಹಚ್ಚುತ್ತಿದ್ದವರು ನಗುತ್ತಿದ್ದರು.

ಹೋದ ವರ್ಷ ನಿಜವಾಗಿಯೇ ಹೋದರು. ಕಾಫಿ ಕುಡಿದು ಲೋಟ ಕೆಳಗಿಟ್ಟವರು ಏಳಲಿಲ್ಲ. ದೊರೈ ಫ್ಲೆಕ್ಸ್ ಹಾಕಿಸುತ್ತೇನೆಂದ. ಒಂದು ಸಲ ಹಾಕಿಸಿದ್ದೀಯಲ್ಲ, ಸಾಕು ಎಂದೆ. ಚೌಡಮ್ಮನಿಗೆ ಫೋನು ಮಾಡಿದರೆ, "ಈ ಸಲ ನಿಜಾನಾ ಅತ್ತಿಗೆ?" ಎಂದಳು.

"ಬಂದು ನೋಡ್ಕೋ."

"ಫ್ಲೆಕ್ಸ್ ಕಟ್ಟವ್ರಾ?"

"ಇಲ್ಲ."

"ಅಂಗಾದ್ರೆ ನಿಜವೇ" ಎಂದು ಅತ್ತಳು. ತಮ್ಮ ಮತ್ತೊಂದು ಸೀರೆ ತಂದ. ಮೊದಲಿನದೇ ವಾಸಿ.

ಈಗ ನಿನ್ನೆ ಮತ್ತೊಬ್ಬ ಕೋಚನ್ನು ತೆಗೆದಿದ್ದಾರೆ. ಜಗಲಿಯ ಮೇಲೆ ಸಿಟ್ಟಿದೆ, ಆದರೆ ಬೈಗುಳದಲ್ಲಿ ರುಚಿಯಿಲ್ಲ. ಆ ಕೋಚ್ ಎಲ್ಲಿಯವನೋ, ಅವನ ಮನೆ ಎಲ್ಲಿದೆಯೋ, ಇವರು ಕೂಗಿದರೆ ಯಾವ ಗೋಡೆಯ ಹಿಂದೆ ಯಾರು ಕೇಳಿಸಿಕೊಳ್ಳಬೇಕು? ದೊರೈ ಅರ್ಧ ಬೈದು ಸುಮ್ಮನಾಗುತ್ತಾನೆ. ಗಾಳಿಗೆ ಮಗುಚಿದ ಫ್ಲೆಕ್ಸನ್ನು ನಿನ್ನೆ ಹಾಗೆಯೇ ಸುತ್ತಿ ಒಳಗೆ ತಂದಿಟ್ಟೆ. ಸೌದೆ ನೆನೆದರೆ ನೆನೆಯಲಿ.

ಇವತ್ತು ಬೆಳಿಗ್ಗೆ ಎದ್ದು ಅದನ್ನು ಸೋಪು ಹಾಕಿ ತಿಕ್ಕಿದೆ. ಜಗಲಿಯ ಮೇಲುಗಡೆ ನೆರಳಿಗೆಂದು ಚಪ್ಪರದಂತೆ ಕಟ್ಟಿದೆ, ಮುಖ ಕೆಳಗೆ ಬರುವ ಹಾಗೆ. ದೊರೈ ಬಂದು ಕೂತ, ಇಡ್ಲಿ ಮುರಿದ, ತಲೆಯೆತ್ತಿದ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ ಗಂಟಲು ಸರಿ ಮಾಡಿಕೊಂಡ.

"ಏನ್ ಮಾಸ್ಟ್ರೇ, ಪಾಸು ಪಾಸು ಅಂತ ಇವ್ರನ್ನೆಲ್ಲ ಕೆಡ್ಸಿದ್ದೇ ನೀವು..." ಎಂದು ಶುರು ಮಾಡಿದ. ದನಿ ಏರಿತು. ತೆಲುಗಿಗೆ ಬಂದ.

ನಾನು ಅವನ ತಟ್ಟೆಗೆ ಚಟ್ನಿ ಹಾಕಿದೆ.