ಹಲ್ಲುಪುಡಿ ಡಬ್ಬಿಯಲ್ಲಿ ಉಳಿದದ್ದು

ಸಂಜೆ ಬೆಳಕು ಕಂದುವ ಹೊತ್ತಿಗೆ ನಮ್ಮ ಬೀದಿಯ ಕೊನೆಯ ಮನೆಯ ಹಿತ್ತಿಲಿನಿಂದ ಒಂದು ಸದ್ದು ಬರುತ್ತಿತ್ತು. ತಗಡಿನ ತಟ್ಟೆಯ ಮೇಲೆ ಡಬ್ಬಿ ಬೋರಲು ಹಾಕಿದ ಸದ್ದು. ಮೊದಲು ಜಲ್ಲನೆ ಸುರಿಯುವುದು, ಆಮೇಲೆ ಬೆರಳು ಕೆದಕುವ ಸರಸರ, ಕೊನೆಗೆ ಎಲ್ಲವನ್ನೂ ಬಾಚಿ ಮತ್ತೆ ತುಂಬುವ ಕಿಣಿಕಿಣಿ. ಸ್ವಲ್ಪ ಹೊತ್ತು ಮೌನ. ಮತ್ತೆ ಇನ್ನೊಂದು ಡಬ್ಬಿ. ಹೊಸದಾಗಿ ಬಾಡಿಗೆಗೆ ಬಂದವರು ಇದೇನು ಎಂದು ಕೇಳಿದರೆ ಎದುರುಮನೆಯ ಟೈಲರಮ್ಮ ಹೊಲಿಗೆಯಿಂದ ತಲೆ ಎತ್ತದೆ ಹೇಳುತ್ತಿದ್ದರು: "ಏನಿಲ್ಲ, ಡಬ್ಬಿ ಮಾವ ಸ್ಕ್ರೂ ಹುಡುಕ್ತಿದಾರೆ."

ಮಾವನಿಗೆ ಕೆಲಸ ಇದ್ದದ್ದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿ ಅವರ ಕೈಕೆಳಗೆ ಎಲ್ಲವೂ ಸಾಲಾಗಿರುತ್ತಿತ್ತು. ಹಾಸಿಗೆ ಹೊದಿಕೆ ಒಂದು ಕಪಾಟಿನಲ್ಲಿ, ದಿಂಬಿನ ಚೀಲ ಇನ್ನೊಂದರಲ್ಲಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಬೇರೆಯಾಗಿ, ಮಡಿಕೆಯ ಅಂಚು ಹೊರಗೆ ಕಾಣುವ ಹಾಗೆ. ಒಂದು ಟವೆಲ್ಲು ಜಾಗ ತಪ್ಪಿದ್ದರೂ ದೂರದಿಂದಲೇ ಅವರ ಕಣ್ಣಿಗೆ ಬೀಳುತ್ತಿತ್ತು.

ಅದೇ ಮನುಷ್ಯ ಮನೆಗೆ ಬಂದು ಹಿತ್ತಿಲ ಹಳೆಯ ಬಚ್ಚಲಿಗೆ ಹೊಕ್ಕರೆ ಬೇರೆಯವರಾಗುತ್ತಿದ್ದರು. ಹೊಸ ಬಚ್ಚಲು ಕಟ್ಟಿಸಿದ ಮೇಲೆ ಹಳೆಯದನ್ನು ಅವರು ರಿಪೇರಿಯ ಕೋಣೆ ಮಾಡಿಕೊಂಡಿದ್ದರು. ನಟ್ಟು ಉರುಳಿ ಹೋಗದಿರಲಿ ಎಂದು ನೀರು ಹೋಗುವ ತೂತಿಗೆ ಚಿಂದಿ ತುರುಕಿದ್ದರು. ಗೋಡೆಯುದ್ದದ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿ, ಮಾತ್ರೆಯ ಬಾಟಲಿ, ಮಕ್ಕಳ ಹಳೆಯ ಪೆನ್ಸಿಲ್ ಪೆಟ್ಟಿಗೆ, ಹಿಡಿ ಮುರಿದ ಕೆಟಲು. ಮೊಳೆಯ ಡಬ್ಬಿಯಲ್ಲಿ ವಾಷರು, ವಾಷರಿನ ಡಬ್ಬಿಯಲ್ಲಿ ಗಡಿಯಾರದ ಮುಳ್ಳು.

ಅವರ ಹೆಂಡತಿಯನ್ನು ಬೀದಿಯೆಲ್ಲ ಅತ್ತೆ ಎನ್ನುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ಕೆಣಕುವುದಿತ್ತು.

"ಆಸ್ಪತ್ರೇಲಿ ಊರವರ ದಿಂಬು ಜೋಡಿಸ್ತೀರಿ. ಮನೇಲಿ ನೋಡಿದ್ರೆ ಈ ಕೊಂಪೆ."

"ಎಲ್ಲೆಲ್ಲಿ ಏನೇನಿದೆ ಅಂತ ನನಗೆ ಗೊತ್ತು."

"ಗೊತ್ತಿದ್ರೆ ದಿನಾ ಯಾಕೆ ಸುರೀತೀರಿ?"

ಮಾವ ಇನ್ನೊಂದು ಡಬ್ಬಿ ಬೋರಲು ಹಾಕುತ್ತಿದ್ದರು. ಆ ಕೊಂಪೆಗೆ ಒಂದು ಕಾರಣವಿತ್ತು. ಕಪಾಟಿನ ತೀರಾ ಹಿಂದೆ, ಕೆಟಲಿನ ಮರೆಯಲ್ಲಿ, ಒಂದು ಹಲ್ಲುಪುಡಿ ಡಬ್ಬಿ ಇತ್ತು. ಅದನ್ನು ಅವರು ಎಂದೂ ತಟ್ಟೆಗೆ ಸುರಿದವರಲ್ಲ.

ಅದು ಶುರುವಾದದ್ದು ಮದುವೆಯಾದ ಹೊಸತರಲ್ಲಿ. ಹೆಂಡತಿಯ ತವರಿನಲ್ಲಿ ಗೋಡೆ ಗಡಿಯಾರ ನಿಂತುಹೋಗಿತ್ತು. ಸುಮ್ಮನೆ ಕೂರಲಾರದ ಹೊಸ ಅಳಿಯ ಅದನ್ನು ಬಿಚ್ಚಿ, ಊದಿ, ಒರೆಸಿ, ಮತ್ತೆ ಕಟ್ಟಿ ನೇತುಹಾಕಿದರು. ಗಡಿಯಾರ ನಡೆಯಿತು. ಮನೆಗೆ ಬಂದವರಿಗೆಲ್ಲ ಹೆಂಡತಿಯ ಅಪ್ಪ ಅದನ್ನು ತೋರಿಸಿ, "ನಮ್ಮ ಅಳಿಯಂದು ಕೈ ಅಂದ್ರೆ ಕೈ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಜೇಬಿಗೆ ಕೈ ಹಾಕಿದರೆ ಬೆರಳಿಗೆ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ತಗುಲಿತು. ಪಕ್ಕದಲ್ಲಿ ಹೆಂಡತಿ ಇನ್ನೂ ಅದೇ ಹೊಗಳಿಕೆಯ ಬೆಳಕಿನಲ್ಲಿ ಕೂತಿದ್ದಳು. ಮಾವ ಜೇಬಿನಿಂದ ಕೈ ಹೊರಗೆ ತೆಗೆಯಲಿಲ್ಲ.

ಅಲ್ಲಿಂದ ಬಿಚ್ಚಿದ್ದನ್ನು ಕಟ್ಟಿದ ಮೇಲೆ ಒಂದು ಸ್ಕ್ರೂ ಉಳಿಯುವುದು ಅಭ್ಯಾಸವಾಯಿತು. ಪ್ರತಿ ಸಲ ಅಲ್ಲ, ಆದರೆ ಮರೆತುಬಿಡುವಷ್ಟು ಅಪರೂಪವೂ ಅಲ್ಲ. ಟೈಲರಮ್ಮನ ಹೊಲಿಗೆ ಯಂತ್ರದ್ದು ಒಂದು, ಪಕ್ಕದ ಮನೆಯ ಫ್ಯಾನಿನದು ಒಂದು. ಯಂತ್ರ ಓಡುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಕಂಪನಿಯವರೇ ಒಂದು ಹೆಚ್ಚಿಗೆ ಹಾಕಿರಬೇಕು ಎಂದು ಮಾವ ತಮಗೆ ತಾವೇ ಹೇಳಿಕೊಂಡು ಅದನ್ನು ಹಲ್ಲುಪುಡಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮುಂಗೈಯಿಂದ ಹಿಂದಕ್ಕೆ ತಳ್ಳುತ್ತಿದ್ದರು. ಬೀದಿಯವರು ಕೈಗುಣ, ಕೈಗುಣ ಎಂದು ಹೇಳಿದಷ್ಟೂ ಬಾಯಿ ಬಿಡುವುದು ಕಷ್ಟವಾಗುತ್ತ ಹೋಯಿತು.

ಹೋದ ತಿಂಗಳು ಆ ಡಬ್ಬಿಗೆ ಒಂದು ಬೋಲ್ಟು ಸೇರಿತ್ತು. ಅತ್ತೆಯ ತಮ್ಮ ಪೇಂಟರ್. ಅವನ ಮಡಚುವ ಏಣಿಯ ನೆತ್ತಿಯ ಕೀಲು ಬಿಗಿಯಾಗಿ ಕಿರುಗುಟ್ಟುತ್ತಿತ್ತು. ಮಾವ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು ಕಟ್ಟಿಕೊಟ್ಟರು. ಪೇಂಟರ್ ಏಣಿಯನ್ನು ಹೆಗಲಿಗೇರಿಸಿಕೊಂಡು ಹೋದ ಮೇಲೆ ತಟ್ಟೆ ಎತ್ತಿದರೆ ಅದರ ಕೆಳಗೆ ಬೋಲ್ಟು. ಎಷ್ಟೋ ಮನೆಗಳ ಬಣ್ಣ ಅದರ ತಲೆಯ ಮೇಲೆ ಪದರ ಪದರವಾಗಿ ಕೂತಿತ್ತು: ಹಸಿರು, ಕೆನೆ, ತೆಳು ಗುಲಾಬಿ. ಕೂಗಿ ಕರೆದಿದ್ದರೆ ಅವನಿಗೆ ಕೇಳಿಸುತ್ತಿತ್ತು. ಅವನಿನ್ನೂ ಬೀದಿ ದಾಟಿರಲಿಲ್ಲ.

ಆಮೇಲೆ ಆಸ್ಪತ್ರೆಯ ದೊಡ್ಡ ಯಂತ್ರ ಕೆಟ್ಟು, ಬಟ್ಟೆಯ ರಾಶಿ ಬೆಳೆದು, ಮಾವ ಕೆಲವು ದಿನ ಮನೆಗೆ ಬರೀ ಮಲಗಲು ಬಂದರು. ರಾಶಿ ಕರಗಿದ ದಿನ ಸಂಜೆ ಬೇಗ ಬಿಟ್ಟು ಬಂದವರನ್ನು ಅತ್ತೆ ಚಪ್ಪಲಿ ಬಿಡಲೂ ಬಿಡದೆ ಹಿತ್ತಿಲಿಗೆ ಕರೆದೊಯ್ದರು. ಬಚ್ಚಲ ಹೊಸ್ತಿಲ ಮೇಲೆ ಪೇಂಟರ್ ಟೀ ಲೋಟ ಹಿಡಿದು ಕೂತಿದ್ದ.

"ಕಣ್ಣು ಬಿಟ್ಟು ನೋಡಿ," ಎಂದರು ಅತ್ತೆ.

ಡಬ್ಬಿಗಳು ಒಂದೂ ಇರಲಿಲ್ಲ. ಕಪಾಟಿನ ಹಲಗೆಯ ಕೆಳಮೈಗೆ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಮೊಳೆ ಹೊಡೆದು, ಒಂದೊಂದು ಮುಚ್ಚಳಕ್ಕೆ ಒಂದೊಂದು ಗಾಜಿನ ಬಾಟಲಿ ತಿರುಗಿಸಿ ನೇತುಹಾಕಿದ್ದರು. ಮೊಳೆ, ಸ್ಕ್ರೂ, ನಟ್ಟು, ಬೋಲ್ಟು, ವಾಷರು, ಸಣ್ಣದರಿಂದ ದೊಡ್ಡದಕ್ಕೆ. ಕಿಟಕಿಯ ಬೆಳಕು ಬಾಟಲಿಗಳನ್ನು ಹಾದು ಗೋಡೆಯ ಮೇಲೆ ಅಲುಗುತ್ತಿತ್ತು.

"ಮುಚ್ಚಳ ಹೊಡೆದಿದ್ದು ನಿಮ್ಮ ಭಾಮೈದ. ಆರಿಸಿದ್ದು ನಾನು. ಅಕ್ಕಿ ಆರಿಸೋದಕ್ಕಿಂತ ವಾಸಿ, ಇದರಲ್ಲಿ ಹುಳ ಇರಲ್ಲ."

"ಚೆನ್ನಾಗಿದೆ," ಎಂದರು ಮಾವ.

"ಅಷ್ಟೇನಾ? ನೀವು ಕನ್ನಡಕ ಎಲ್ಲಾದ್ರೂ ಮರೀತೀರಿ ಅಂತ ಒಂದೊಂದು ಬಾಟ್ಲಿಗೂ ಒಂದೊಂದು ಹೊರಗಡೆ ಅಂಟಿಸಿದೀನಿ. ಮುಟ್ಟಿದ್ರೆ ಸಾಕು, ಒಳಗೇನಿದೆ ಗೊತ್ತಾಗುತ್ತೆ."

ಮಾವನ ಕಣ್ಣು ಮೂಲೆಯಲ್ಲಿ ಹುಡುಕುತ್ತಿತ್ತು. "ಇಲ್ಲೊಂದು ಹಲ್ಲುಪುಡಿ ಡಬ್ಬಿ ಇತ್ತಲ್ಲ."

"ಆ ತುಕ್ಕು ಡಬ್ಬೀನಾ? ಗುಜರಿಗೆ ಹಾಕ್ದೆ. ಒಳಗಿದ್ದದ್ದೆಲ್ಲ ಬಾಟ್ಲಿಗೆ ಸೇರಿಸಿದೀನಿ, ಹೆದರಬೇಡಿ. ಒಳ್ಳೊಳ್ಳೇವೆಲ್ಲ ಅದರಲ್ಲೇ ಇದ್ವು. ಇದೊಂದು ನೋಡಿ, ಬಣ್ಣ ಚೆಂದ ಇತ್ತು ಅಂತ ಮುಂದುಗಡೆ ಹಾಕಿದೆ."

ಬೋಲ್ಟುಗಳ ಬಾಟಲಿಯ ಎದೆಯ ಮೇಲೆ ಅದು ಕೂತಿತ್ತು. ಹಸಿರು, ಕೆನೆ, ತೆಳು ಗುಲಾಬಿ. ಮಾವ ಅದರ ಮುಂದೆ ಅಡ್ಡ ನಿಂತರು. ಪೇಂಟರ್ ಕೂಡ ಕತ್ತು ಚಾಚಿ ನೋಡಿದ. ಅವನಿಗೆ ಗುರುತು ಹತ್ತಲಿಲ್ಲ. ಬಣ್ಣ ಮೆತ್ತಿದ ವಸ್ತು ಪೇಂಟರ್ ಕಣ್ಣಿಗೆ ಹೊಸತಲ್ಲ. ಅವನ ವಾಚಿನ ಮೇಲೆ, ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಎಲ್ಲ ಅದೇ.

"ಇವತ್ತು ಕೆಲಸ ಇಲ್ವೇನೋ?" ಎಂದರು ಮಾವ, ಮಾತು ಬೇರೆ ಕಡೆಗೆ ಹೋಗಲಿ ಎಂದು.

ಪೇಂಟರ್ ಲೋಟದೊಳಗೆ ನೋಡಿದ. ಉತ್ತರ ಕೊಟ್ಟಿದ್ದು ಅತ್ತೆ. "ಸಾಹೇಬ್ರಿಗೆ ಕಾಲು ನಡುಗುತ್ತಂತೆ. ಅದಕ್ಕೇ ನನಗೆ ಮುಚ್ಚಳ ಹೊಡೆಯೋಕೆ ಸಿಕ್ಕಿದ್ದು."

"ನಗಬೇಡ ಅಕ್ಕ." ಅವನು ಲೋಟವನ್ನು ಪಕ್ಕಕ್ಕಿಟ್ಟ. "ಮೇಲಿನ ಮೆಟ್ಟಿಲಿಗೆ ಹೋದ್ರೆ ಮೈಯೆಲ್ಲ ತೂಗಿದ ಹಾಗಾಗುತ್ತೆ ಭಾವ. ಮೊದಲು ಏಣಿದೇ ತೊಂದರೆ ಅನ್ಕೊಂಡೆ. ಆಮೇಲೆ ನೆನಪಾಯ್ತು, ಅದು ನಿಮ್ಮ ಕೈಯಿಂದ ಬಂದ ಏಣಿ. ಏಣಿ ಅಲ್ಲ ಅಂದ್ಮೇಲೆ ಇನ್ನೇನು, ನಾನೇ."

"ಡಾಕ್ಟರಿಗೆ..."

"ತೋರಿಸ್ದೆ. ಕಾಲಲ್ಲಿ ಏನೂ ಇಲ್ಲ, ಭಯ ಇರಬಹುದು ಅಂದ್ರು. ಭಯವಂತೆ. ನಿನ್ನೆ ಒಂದು ಮನೇಲಿ ಮೆಟ್ಟಿಲ ಪಕ್ಕದ ಎತ್ತರದ ಗೋಡೆ ಕೆಲಸ. ಜೊತೆಗಾರರೆಲ್ಲ ನೋಡ್ತಿದ್ದಾಗ ಅರ್ಧದಲ್ಲಿ ಇಳಿದು ಬಂದೆ. ಯಾರಾದ್ರೂ ನಕ್ಕಿದ್ರೆ ನಾನೂ ಬೈದುಕೊಂಡು ಮತ್ತೆ ಹತ್ತುತ್ತಿದ್ದೆ. ಒಬ್ಬರೂ ನಗಲಿಲ್ಲ ಭಾವ. ಸುಮ್ಮನೆ ಬ್ರಶ್ ತೊಳೆದುಕೊಂಡ್ರು."

ಅತ್ತೆಯ ಮುಖದಲ್ಲಿದ್ದ ನಗೆ ಹೋಯಿತು.

"ಈಗ ಮೇಸ್ತ್ರಿ ಹತ್ರ ಹೋಗಿ ಹೇಳಿಬಿಡ್ತೀನಿ," ಎಂದು ಪೇಂಟರ್ ಎದ್ದ. "ಇನ್ಮೇಲೆ ನನಗೆ ಕೆಳಗಿನ ಕೆಲಸ. ಕಿಟಕಿ, ಬಾಗಿಲು, ಗೋಡೆ ಬುಡದ ಪಟ್ಟಿ. ಏಣಿ ಬೇರೆ ಯಾರಾದ್ರೂ ಇಟ್ಕೊಳ್ಳಲಿ, ಒಳ್ಳೇ ಏಣಿ."

ಅವನು ಅಂಗಳ ದಾಟಿ ಹೋದ. ಮಾವ ಬಾಯಿ ತೆರೆದರು. ಗೇಟು ಮುಚ್ಚಿಕೊಂಡ ಸದ್ದು ಕೇಳಿತು.

ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದ ಮೇಲೆ ಮಾವ ಬಾಟಲಿಯ ಬೋಲ್ಟಿಗೆ ಉಗುರು ಹಾಕಿದರು. ಅದು ಅಲುಗಲಿಲ್ಲ. ಸ್ಕ್ರೂಡ್ರೈವರಿನ ತುದಿ ತೂರಿಸಿದರು. ಗಾಜು ಕೀರ್ ಎಂದಿತು.

"ಯಾಕ್ರೀ ಕೀಳ್ತಿದ್ದೀರಿ?" ಅತ್ತೆ ಮತ್ತೆ ಬಾಗಿಲಲ್ಲಿದ್ದರು. "ಅದು ಗಟ್ಟಿ ಅಂಟು, ಬರಲ್ಲ. ಒಳಗೆ ಅಂಥದ್ದೇ ಬೇಕಾದಷ್ಟಿವೆ."

ಅವರೇ ಬಾಟಲಿ ತಿರುಗಿಸಿ ಇಳಿಸಿ, ಅದೇ ಅಳತೆಯ ಬೋಲ್ಟೊಂದನ್ನು ಆರಿಸಿ ಗಂಡನ ಅಂಗೈಗೆ ಹಾಕಿದರು. "ನೋಡಿದ್ರಾ, ಎಷ್ಟು ಬೇಗ ಸಿಕ್ತು," ಎಂದು ಒಂದು ಕ್ಷಣ ಕಾದರು. ಆಮೇಲೆ ಒಳಗೆ ಹೋದರು.

ಅಂಗೈಯಲ್ಲಿ ಹೊಸ ಬೋಲ್ಟು ಹೊಳೆಯುತ್ತಿತ್ತು. ಏಣಿ ಪೇಂಟರ್ ಮನೆಯ ಹೊರಗೋಡೆಗೆ ಒರಗಿರುತ್ತದೆ. ಅವನು ಮೇಸ್ತ್ರಿಯ ಮನೆಯಲ್ಲಿರುವಾಗಲೇ ಹೋಗಿ ಇದನ್ನು ಕೂರಿಸಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ನಾಲ್ಕು ದಿನ ಬಿಟ್ಟು ಅವನೇ ಒಮ್ಮೆ ಹತ್ತಿ ನೋಡುತ್ತಾನೆ. ಮೈ ತೂಗುವುದಿಲ್ಲ. ಕಾಲು ಸರಿಹೋಯಿತು ಭಾವ ಎಂದು ಇದೇ ಹೊಸ್ತಿಲಿಗೆ ಬಂದು ಕೂರುತ್ತಾನೆ. ಆಗ ತಾನು ಸಂತೋಷಪಡಬೇಕು. ಎಷ್ಟು ಸುಲಭ ಎಂದುಕೊಳ್ಳುವಷ್ಟರಲ್ಲಿ ಮಾವನಿಗೆ ಮೇಸ್ತ್ರಿಯ ಜಗಲಿ ಕಂಡಿತು. ಸಂಜೆ ಅಲ್ಲಿ ಕೆಲಸದವರೆಲ್ಲ ಸೇರಿರುತ್ತಾರೆ. ಅವರ ಎದುರು ಆ ಹುಂಬ, ತನಗೆ ಭಯ ಎಂದು ತನ್ನ ಬಾಯಿಂದಲೇ ಹೇಳಲು ನಡೆದಿದ್ದಾನೆ. ಬಸ್ಸಿನಲ್ಲಿ ಜೇಬಿನೊಳಗೆ ಉಳಿದ ಕೈ ಇವತ್ತಿಗೂ ಹೊರಗೆ ಬಂದಿಲ್ಲ ಎನ್ನಿಸಿತು ಅವರಿಗೆ.

ಹೊಸ ಬೋಲ್ಟನ್ನು ಬಾಟಲಿಗೆ ಹಾಕಿದರು. ಬಾಟಲಿಯನ್ನು ಮುಚ್ಚಳಕ್ಕೆ ತಿರುಗಿಸಲಿಲ್ಲ. ಅಂಟಿಸಿದ ಬೋಲ್ಟು ಮುಂದೆ ಕಾಣುವ ಹಾಗೆ ಅದನ್ನು ಎದೆಗೆ ಹಿಡಿದುಕೊಂಡು, ಪಾನಾ ಜೇಬಿಗಿಟ್ಟುಕೊಂಡು, ಅಂಗಳಕ್ಕೆ ಬಂದರು.

"ಬಾಟ್ಲಿ ತಗೊಂಡು ಎಲ್ಲಿಗ್ರೀ?"

"ಬಂದೆ. ಬಂದು ಹೇಳ್ತೀನಿ. ನಿನಗೂ ಹೇಳೋದಿದೆ."

ಬೀದಿಯಲ್ಲಿ ಇನ್ನೂ ಬೆಳಕಿತ್ತು. ಮೆಟ್ಟಿಲುಗಳ ಮೇಲೆ ಜನ ಕೂತಿದ್ದರು. ಹೆಜ್ಜೆ ಹೆಜ್ಜೆಗೂ ಬಾಟಲಿ ಕಿಣಿಕಿಣಿ ಎನ್ನುತ್ತಿತ್ತು. ಅದನ್ನು ಒತ್ತಿ ಹಿಡಿದಷ್ಟೂ ಸದ್ದು ಹೆಚ್ಚಾದಂತೆ ಅನ್ನಿಸಿ ಮಾವ ಹಿಡಿತ ಸಡಿಲಿಸಿದರು. ಟೈಲರಮ್ಮ ಹೊಲಿಗೆ ಯಂತ್ರದ ಮುಂದಿನಿಂದ ಮೊದಲ ಬಾರಿಗೆ ತಲೆ ಎತ್ತಿದರು.

"ಏನು ಮಾವ, ಇವತ್ತು ಹುಡುಕೋ ಸದ್ದೇ ಇಲ್ಲ. ಕೊನೆಗೂ ಸ್ಕ್ರೂ ಸಿಕ್ತಾ?"

"ಸಿಕ್ತು," ಎಂದರು ಮಾವ, ನಿಲ್ಲದೆ. "ಹೋದ ತಿಂಗಳೇ ಸಿಕ್ಕಿತ್ತು. ನಿಮ್ಮ ಯಂತ್ರದ್ದೂ ಒಂದು ನನ್ನ ಹತ್ರ ಉಳಿದಿದೆ. ಆವತ್ತು ಯಂತ್ರ ಕಟ್ಟಿ ಕೊಟ್ಟ ಮೇಲೆ ನಾನು..."

ಟೈಲರಮ್ಮ ಉಳಿದ ಮಾತಿಗಾಗಿ ಬಾಗಿಲಿಗೆ ಬರುವಷ್ಟರಲ್ಲಿ ಬಾಟಲಿಯ ಕಿಣಿಕಿಣಿ ಬೀದಿಯ ತಿರುವಿನಲ್ಲಿತ್ತು, ಮಾವ ಮೇಸ್ತ್ರಿಯ ಮನೆಯ ದಾರಿ ಹಿಡಿದಿದ್ದರು.