ನಾನು ಚಿಯಾಂಗ್ ಖಾನ್‌ನಲ್ಲಿದ್ದೆ

ಹುಬ್ಬಳ್ಳಿಯಲ್ಲಿ ಅಕ್ಕ ತನ್ನ ಕೈಯಿಂದ ತಾನೇ ಊಟ ಮಾಡಿದ ಕೊನೆಯ ದಿನ ನಾನು ಅಮೆರಿಕದ ನನ್ನ ಊರು ಸ್ಯಾನ್ ಡಿಯೇಗೊದಲ್ಲಿ ಇರಲಿಲ್ಲ. ಥಾಯ್ಲೆಂಡಿನ ಚಿಯಾಂಗ್ ಖಾನ್ ಎಂಬ ನದೀತೀರದ ಊರಿನಲ್ಲಿ, ಮೆಕಾಂಗ್ ನದಿ ಬಂಡೆಗಳ ನಡುವೆ ನುಗ್ಗುವುದನ್ನು ನೋಡುತ್ತ, ಕೊಬ್ಬರಿ ಮಿಠಾಯಿ ತಿನ್ನುತ್ತ ಕೂತಿದ್ದೆ. ಅವಳಿಗೆ ನಾನು ಹೇಳಿದ್ದು ಬೇರೆ. ವೀಸಾ ಇಲ್ಲ, ಅಮೆರಿಕ ಬಿಟ್ಟು ಹೊರಟರೆ ತಿರುಗಿ ಒಳಗೆ ಬಿಡುವುದಿಲ್ಲ, ಅದಕ್ಕೇ ನಿನ್ನನ್ನು ನೋಡಲು ಬರಲಾಗುತ್ತಿಲ್ಲ — ಹೀಗೆ. ಆ ಮಾತು ಹೇಳುವಾಗ ಹೊಸ ವೀಸಾ ಅಂಟಿಸಿದ ಪಾಸ್‌ಪೋರ್ಟು ನನ್ನ ಹೆಗಲ ಚೀಲದಲ್ಲೇ ಇತ್ತು.

ಅಪ್ಪ, ಅವ್ವ ನನಗೆ ಸರಿಯಾಗಿ ನೆನಪೂ ಉಳಿಯದಷ್ಟು ಬೇಗ ಹೋದರು. ಹುಬ್ಬಳ್ಳಿಯಲ್ಲಿ ನನ್ನನ್ನು ಬೆಳೆಸಿದವಳು ಅಕ್ಕ ಸುಮಿತ್ರಾ. ಮದುವೆಯಾಗಿ ಹೋಗುವಾಗ ಗಂಡನ ಮನೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿದ್ದುಕೊಂಡೇ ಬಿ.ಎಸ್ಸಿ. ಮುಗಿಸಿದೆ, ಕೆಲಸ ಹಿಡಿದೆ, ಕೊನೆಗೆ ಇಲ್ಲಿಗೆ ಬಂದೆ. ಸೊರೆಂಟೊ ವ್ಯಾಲಿಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಮಾದರಿಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಮದುವೆ ಮಾಡಿಕೊಳ್ಳಲಿಲ್ಲ. ನನ್ನವರು ಎಂದು ಹೇಳಿಕೊಳ್ಳಲು ಇದ್ದವರು ಅಕ್ಕ ಮತ್ತು ಅವಳ ಮಗಳು ವೇದಾ, ಇಬ್ಬರೇ.

2022ರಲ್ಲಿ ಅಕ್ಕನಿಗೆ ಲಿವರ್ ಕಾಯಿಲೆ ಎಂದು ಗೊತ್ತಾಯಿತು. ಆ ವರ್ಷ ನನ್ನ ವೀಸಾ ನಿಜವಾಗಿಯೂ ಮುಗಿದಿತ್ತು. ಇಲ್ಲಿ ಕೆಲಸದಲ್ಲಿ ಮುಂದುವರಿಯಲು ತೊಂದರೆ ಇಲ್ಲ, ಆದರೆ ದೇಶದ ಹೊರಗೆ ಕಾಲಿಟ್ಟರೆ ಹೊಸ ವೀಸಾ ಹಾಕಿಸಿಕೊಳ್ಳದೆ ಮರಳುವಂತಿಲ್ಲ. ಭಾರತದಲ್ಲಿ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಾಗಾಗಿ ನಮ್ಮವರು ಎಷ್ಟೋ ಜನ ಬ್ಯಾಂಕಾಕ್‌ಗೆ ಹೋಗಿ, ಅಲ್ಲಿ ಇಂಟರ್‌ವ್ಯೂ ಕೊಟ್ಟು, ವೀಸಾ ಪಡೆದು ಮರಳುತ್ತಿದ್ದರು. ಡಿಸೆಂಬರಿನಲ್ಲಿ ನಾನೂ ಅಪ್ಲೈ ಮಾಡಿದೆ. ವೀಸಾ ಸಿಕ್ಕರೆ ಅಲ್ಲಿಂದಲೇ ಹುಬ್ಬಳ್ಳಿಗೆ ಹೋಗಿ ಅಕ್ಕನ ಮುಂದೆ ನಿಲ್ಲಬೇಕು ಎಂದುಕೊಂಡೇ ಹೊರಟಿದ್ದೆ. ಅದು ಸುಳ್ಳಲ್ಲ.

ಹೊರಡುವಾಗ ಯಾರಿಗೂ ಹೇಳಲಿಲ್ಲ. ವೀಸಾ ಕೈಗೆ ಬರುವ ತನಕ ಆ ಸುದ್ದಿ ಆಡಬಾರದು ಎನ್ನುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ನೇಮ. ಆಡಿದರೆ ಕೆಡುತ್ತದೆ, ಯಾರದೋ ದೃಷ್ಟಿ ತಾಗುತ್ತದೆ. ನಾನು ಮೊದಲ ಸಲ ಅಮೆರಿಕಕ್ಕೆ ಬರುವಾಗ ಅಕ್ಕ ಓಣಿಯವರಿಗೆಲ್ಲ ನಾನು ಪುಣೆಗೆ ಟ್ರೇನಿಂಗಿಗೆ ಹೋಗಿದ್ದೇನೆ ಎಂದು ಹೇಳಿಕೊಂಡು ತಿರುಗಿದ್ದಳು. ಈ ಸಲ ಅವಳಿಗೂ ಹೇಳದೆ ಹೊರಟೆ. ಆ ಒಂದು ಮೌನ ನನಗೆ ಎಷ್ಟು ಅನುಕೂಲವಾಯಿತು ಎಂದರೆ — ಇರಲಿ, ಅದನ್ನೇ ಹೇಳಲು ಹೊರಟಿದ್ದೇನೆ.

ಪಾಸ್‌ಪೋರ್ಟು ನಾನು ಅಂದುಕೊಂಡದ್ದಕ್ಕಿಂತ ಬೇಗ ಕೈಗೆ ಬಂತು. ರಜೆ ಇನ್ನೂ ಒಂದು ವಾರ ಉಳಿದಿತ್ತು. ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಅರ್ಧ ದಿನದ ದಾರಿಯೂ ಅಲ್ಲ. ಟಿಕೆಟ್ ಬುಕ್ ಮಾಡಲು ಫೋನು ತೆಗೆದೆ — ತೆಗೆದವಳು ಹಿಂದಿನ ದಿನ ವೇದಾ ಕಳಿಸಿದ್ದ ಅಕ್ಕನ ಫೋಟೊ ನೋಡಿದೆ. ಹಳದಿ ಕಣ್ಣು. ಉಬ್ಬಿದ ಹೊಟ್ಟೆ. ನನಗೆ ಹೆದರಿಕೆಯಾಯಿತು. ಆ ಕೋಣೆ, ಔಷಧದ ವಾಸನೆ, ಬಂದುಹೋಗುವ ನೆಂಟರ ಪ್ರಶ್ನೆಗಳು. ಕೋವಿಡ್‌ನ ಎರಡು ವರ್ಷ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕಳೆದಿದ್ದೆ. ಯಾರೂ ನನ್ನಿಂದ ಏನನ್ನೂ ಕೇಳದ ಒಂದು ಜಾಗ ಬೇಕೆನಿಸಿತು. ಹೋಟೆಲಿನ ಗೋಡೆಯ ಮೇಲೆ ನದಿಯ ಪಕ್ಕದ ಮರದ ಮನೆಗಳ ಒಂದು ಚಿತ್ರವಿತ್ತು. ಯಾವ ಊರು ಎಂದು ಕೇಳಿದೆ. ಮರುದಿನ ಅಲ್ಲಿದ್ದೆ.

ಊರು ಚೆನ್ನಾಗಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿಯೇ ಇತ್ತು. ಬೆಳಗಿನ ಚಳಿಯಲ್ಲಿ ಬೀದಿಯ ಉದ್ದಕ್ಕೂ ಜನ ಚಾಪೆ ಹಾಸಿ ಕೂತು ಭಿಕ್ಷುಗಳ ಪಾತ್ರೆಗೆ ಅಂಟಂಟಾದ ಅನ್ನ ಹಾಕುತ್ತಿದ್ದರು. ನಾನೂ ಒಂದು ಬುಟ್ಟಿ ಅನ್ನ ಕೊಂಡು ಮಂಡಿಯೂರಿ ಕೂತು ಹಾಕಿದೆ. ಗುರುತಿಲ್ಲದ ಭಿಕ್ಷುಗಳಿಗೆ ಅನ್ನ ಹಾಕಿದೆ. ಗುಡ್ಡ ಹತ್ತಿ ಕಣಿವೆ ತುಂಬಿದ್ದ ಮಂಜಿನ ಮೇಲೆ ಸೂರ್ಯ ಬರುವುದನ್ನು ನೋಡಿದೆ. ಎರಡು ನದಿಗಳು ಕೂಡುವಲ್ಲಿ ಎತ್ತರದಲ್ಲಿ ಗಾಜಿನ ಸೇತುವೆ ಇದೆ, ಬಟ್ಟೆಯ ಚೀಲ ಕಾಲಿಗೆ ಕಟ್ಟಿಕೊಂಡು ನಡೆಯಬೇಕು. ಕಾಲಡಿಯಲ್ಲಿ ನೀರು, ಆಚೆ ದಡದಲ್ಲಿ ಲಾವೋಸ್. ಮೊದಲು ನಡುಗಿದೆ. ಆಮೇಲೆ ನಕ್ಕೆ. ಬಹಳ ದಿನಗಳ ಮೇಲೆ ಜೋರಾಗಿ ನಕ್ಕೆ.

ನದಿಯ ಬಂಡೆಗಳನ್ನು ನೋಡಲು ಹೊರಡುವ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅಕ್ಕನ ವಿಡಿಯೊ ಕಾಲ್ ಬಂತು. ಕ್ಯಾಲಿಫೋರ್ನಿಯಾದಲ್ಲಿ ಆಗ ಕತ್ತಲಾಗಿರಬೇಕಿತ್ತು. ನಾನು ಕೋಣೆಯ ಪರದೆ ಎಳೆದೆ, ದೀಪ ಹಾಕಿದೆ, ಹಿಂದೆ ಏನೂ ಕಾಣದ ಹಾಗೆ ಗೋಡೆಗೆ ಒರಗಿ ಕೂತೆ. ಎಲ್ಲ ಸರಿಯಾಗಿದೆಯೇ ಎಂದು ನನ್ನ ಮುಖವನ್ನೇ ಒಮ್ಮೆ ನೋಡಿಕೊಂಡು ಆಮೇಲೆ ಫೋನು ಎತ್ತಿದೆ. ಅಷ್ಟು ಮಾಡಲು ನನಗೆ ಪುರುಸೊತ್ತಿತ್ತು.

"ಊಟ ಆತೇನವಾ?" ಎಂದಳು. ಅಷ್ಟರಲ್ಲಿ ನನ್ನ ಕೋಣೆಯ ಹಿಂದಿನ ಹಿತ್ತಲಲ್ಲಿ ಕೋಳಿ ಕೂಗಿತು. "ಏನದು? ನಿಮ್ಮ ಅಮೆರಿಕಾದಾಗ ಕೋಳಿ ಕೂಗಲಿಕ್ಕತ್ತದ?"

"ಟಿವಿ ಅಕ್ಕಾ."

"ಅಷ್ಟ ದೂರ ಹೋಗಿ ಕೋಳಿ ನೋಡ್ಕೋತ ಕೂತೀಯೇನ? ಅದನ್ನ ಇಲ್ಲೇ ನೋಡಬಹುದಿತ್ತಲ್ಲ!" ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಇವತ್ತ ಮುಂಜಾನೆ ನಾನ ಕಲಸ್ಕೊಂಡು ಅನ್ನ ಉಂಡೆ, ಗೊತ್ತದೇನು? ವೇದಾನ್ನ ಕೇಳು," ಎಂದಳು.

ನಾನು ಹೇಳಬಹುದಿತ್ತು. ಆಗಲೂ ಹೇಳಬಹುದಿತ್ತು. "ವೀಸಾ ಆದ ಕೂಡಲೇ ಬರ್ತೀನಕ್ಕಾ," ಎಂದೆ.

"ಅವಸರ ಮಾಡಬ್ಯಾಡ. ನೌಕರಿ ಕಳಕೊಂಡು ಬರಬ್ಯಾಡ. ನಾ ಎಲ್ಲಿ ಓಡಿ ಹೋಗ್ತೀನಿ? ಹೋಗು, ರಾತ್ರಿ ಆಗೇದ, ಮಲ್ಕೋ."

ಪರದೆ ಸರಿಸಿದೆ. ನದಿಯ ಮೇಲೆ ಬಿಸಿಲು ಬಿದ್ದಿತ್ತು. ಕೆಳಗೆ ವ್ಯಾನು ಕಾಯುತ್ತಿತ್ತು. ಇಳಿದು ಹೋದೆ.

ರಜೆ ಮುಗಿದು ಲಾಸ್ ಏಂಜಲೀಸ್‌ನಲ್ಲಿ ಇಳಿದೆ. ಅಧಿಕಾರಿ ವೀಸಾ ನೋಡಿ ಮುದ್ರೆ ಒತ್ತಿದ. ಬ್ಯಾಗಿಗಾಗಿ ಕಾಯುತ್ತ ಫೋನು ಆನ್ ಮಾಡಿದ ಕೂಡಲೇ ವೇದಾಳ ಕಾಲ್ ಬಂತು. "ಮೌಶಿ, ಅವ್ವ ಹೋದ್ಲು," ಎಂದಳು. ಆಮೇಲೆ, ನನಗಿಂತ ಚಿಕ್ಕವಳು, ತಾಯಿಯನ್ನು ಕಳೆದುಕೊಂಡವಳು, ನನಗೇ ಸಮಾಧಾನ ಹೇಳಿದಳು: "ನಿನಗ ಬರಲಿಕ್ಕೆ ಆಗೂದಿಲ್ಲ ಅಂತ ಗೊತ್ತದ. ಮನಸ್ಸಿಗೆ ಹಚ್ಕೋಬ್ಯಾಡ. ಅವ್ವ ಎಲ್ಲಾರಿಗೂ ಹೇಳಿಟ್ಟಾಳ, ನನ್ನ ತಂಗಿಗೆ ಯಾರೂ ಏನೂ ಅನ್ನಬ್ಯಾಡ್ರಿ ಅಂತ."

ನಾನು ನಿಂತಿದ್ದದ್ದು ವಿಮಾನ ನಿಲ್ದಾಣದಲ್ಲಿ. ಪಾಸ್‌ಪೋರ್ಟು ಕೈಯಲ್ಲೇ ಇತ್ತು. ಅಲ್ಲಿಂದಲೇ ಇನ್ನೊಂದು ವಿಮಾನ ಹತ್ತಬಹುದಿತ್ತು. ದಹನಕ್ಕೆ ಅಲ್ಲದಿದ್ದರೂ ದಿನಕರ್ಮಗಳಿಗೆ ಮುಟ್ಟುತ್ತಿದ್ದೆ. ಆದರೆ ಹೋದರೆ ವೀಸಾ ಯಾವಾಗ ಆಯಿತು, ಎಲ್ಲಿ ಆಯಿತು ಎಂದು ಕೇಳುತ್ತಿದ್ದರು. ಬ್ಯಾಗು ಬಂತು. ಎತ್ತಿಕೊಂಡು ಸ್ಯಾನ್ ಡಿಯೇಗೊಗೆ ಡ್ರೈವ್ ಮಾಡಿದೆ. ಮೊದಲ ಸಲ ಹೆದರಿ ಹೋಗಲಿಲ್ಲ. ಎರಡನೆಯ ಸಲ, ಸಿಕ್ಕಿಬೀಳುತ್ತೇನೆ ಎಂದು ಹೋಗಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೋ — ನಾನು ತೂಗಲಾರೆ.

ಎರಡು ವರ್ಷದ ಮೇಲೆ ವೇದಾ ಸಂಶೋಧನೆಗೆಂದು ಲಾಸ್ ಏಂಜಲೀಸ್ ಪಕ್ಕದ ಪಸಡೀನಾಕ್ಕೆ ಬಂದಳು. ಯುಗಾದಿಯ ಮುಂದಿನ ವಾರ ಅಲ್ಲಿನ ಪಾರ್ಕಿನಲ್ಲಿ ನಮ್ಮ ಕನ್ನಡದವರ ಊಟವಿತ್ತು. ಮಾತು ವೀಸಾದ ಕಡೆ ಹೊರಳಿತು. ತನ್ನ ಮೌಶಿಗೆ ಒಡಹುಟ್ಟಿದವಳ ಮುಖ ಕೊನೆಗೂ ನೋಡಲು ಆಗಲಿಲ್ಲ ಎಂದು ವೇದಾ ಹೇಳಿದಳು. ಎಲ್ಲರೂ ನನ್ನ ಕಡೆ ನೋಡಿ ಅಯ್ಯೋ ಎಂದರು. ಯಾರೋ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಮೈಸೂರಿನ ನಿವೃತ್ತ ಡಾಕ್ಟರೊಬ್ಬರು ಮಾತ್ರ, "ಅಲ್ಲಮ್ಮ, ಬ್ಯಾಂಕಾಕ್‌ಗೆ ಹೋಗಿ ಸ್ಟ್ಯಾಂಪಿಂಗ್ ಮಾಡಿಸ್ಕೋಬಹುದಿತ್ತಲ್ಲ? ನಮ್ಮ ಅಳಿಯ ಆಗ ಹಾಗೇ ಮಾಡಿದ್ದು," ಎಂದರು.

"ನನಗೆ ಗೊತ್ತಿರಲಿಲ್ಲ ಅಂಕಲ್," ಎಂದೆ.

ವೇದಾ ನನ್ನ ಹೆಗಲಿನ ಮೇಲೆ ಕೈ ಹಾಕಿದಳು. "ಅಂಕಲ್, ನಮ್ಮ ಮೌಶಿಗೆ ಅದೆಲ್ಲ ತಿಳಿಯೂದಿಲ್ರೀ. ತಿಳಿದಿದ್ರ ಸಮುದ್ರ ಈಸ್ಕೊಂಡಾದ್ರೂ ಬರ್ತಿದ್ಲು."

ಆ ಕೈಯ ಭಾರವನ್ನು ಸಹಿಸಲಾಗಲಿಲ್ಲ. ಆದರೂ ಆ ದಿನ ಹೇಳಲಿಲ್ಲ. ಅವಳಿಗೂ ಇಲ್ಲಿ ನಾನೊಬ್ಬಳೇ, ನನಗೂ ಅವಳೊಬ್ಬಳೇ. ಹೇಳಿದರೆ ಅವಳು ಹೋಗುತ್ತಾಳೆ ಎಂದು ಹೆದರಿ ಮತ್ತೆ ಕೆಲವು ತಿಂಗಳು ಅವಳ ಪ್ರೀತಿಯನ್ನು ಉಂಡೆ.

ಹೋದ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ರೈಲಿನಲ್ಲಿ ಲಾಸ್ ಏಂಜಲೀಸ್‌ಗೆ, ಅಲ್ಲಿಂದ ಮೆಟ್ರೊದಲ್ಲಿ ಪಸಡೀನಾಕ್ಕೆ ಹೋದೆ. ವೇದಾ ಚಹಾ ಇಟ್ಟಳು. ಅದು ಕುದಿಯುವ ಮೊದಲೇ ಹೇಳಿದೆ. ಬ್ಯಾಂಕಾಕ್, ಚಿಯಾಂಗ್ ಖಾನ್, ಪರದೆ, ಕೋಳಿ, ವಿಮಾನ ನಿಲ್ದಾಣ — ಏನನ್ನೂ ಬಿಡಲಿಲ್ಲ. ಅವಳು ಒಲೆ ಆರಿಸಿ ನನ್ನ ಕಡೆ ಬೆನ್ನು ಮಾಡಿದಳು.

"ಒಂದು ಮಾತು ನಿನಗ ಹೇಳಿದ್ದಿಲ್ಲ," ಎಂದಳು. "ಅವ್ವ ಆ ವಾರ ದಿನಾ ಅಂತಿದ್ಲು, ಅಕೀಗೆ ಒಂದು ಮಾತು ಹೇಳೂದದ, ಎದುರಿಗೆ ಕೂಡಿಸ್ಕೊಂಡು ಹೇಳಬೇಕು, ಫೋನಿನ್ಯಾಗ ಅಲ್ಲ ಅಂತ. ನನಗರ ಹೇಳು ಅಂದ್ರ, ನಿನಗಲ್ಲ ಅಂದ್ಲು. ಪಾಪ, ಬರಲಿಕ್ಕೆ ಆಗಲಾರದಾಕಿಗೆ ಇದನ್ನ ಹೇಳಿ ಯಾಕ ನೋಯಿಸಬೇಕು ಅಂತ ನಾ ಸುಮ್ಮನಿದ್ದೆ."

ಆಮೇಲೆ, "ಇನ್ನ ನೀ ಹೋಗು ಮೌಶಿ," ಎಂದಳು. ಹೋದೆ. ಅಂದಿನಿಂದ ಅವಳು ಫೋನು ಮಾಡಿಲ್ಲ. ಮಾಡು ಎಂದು ಕೇಳುವ ಹಕ್ಕು ನನಗಿಲ್ಲ. ಆ ಪಾರ್ಕಿನಲ್ಲಿ ನನಗಾಗಿ ಮರುಗಿದವರೂ ಇದನ್ನು ಓದಲಿ ಎಂದು ಬರೆದಿದ್ದೇನೆ.

ಅಕ್ಕ ನನಗೆ ಏನು ಹೇಳಬೇಕೆಂದಿದ್ದಳೋ ನನಗೆ ಗೊತ್ತಿಲ್ಲ.