ಹಗೇವಿನ ಬಾಯಲ್ಲಿ ಹೊತ್ತ ಹರಕೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಜಗಳೂರು ಸೀಮೆಯಲ್ಲಿ ಜೋಳವಿದ್ದವನೇ ದೊರೆ. ನಮ್ಮ ಅಂಗಳದ ಹಗೇವಿನಲ್ಲಿ, ಅಂದರೆ ನೆಲದಡಿ ತೋಡಿದ ಕಾಳಿನ ಗುಂಡಿಯಲ್ಲಿ, ಎರಡು ಸುಗ್ಗಿಯ ಜೋಳವಿತ್ತು. ಊರಿಗೆ ನಮ್ಮದೊಂದೇ ಕ್ರೈಸ್ತರ ಮನೆ. ಭಾನುವಾರ ಅಪ್ಪ ಜಗಲಿಯಲ್ಲಿ ಕೂತು ಬೈಬಲ್ ಓದುತ್ತಿದ್ದರು; ನಮಗೆ ಅದೇ ವೇದ. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಾಹುಕಾರನ ಪ್ರಾಣ ಹೋದ ಕತೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ಸೋಮವಾರ ಯಾರಾದರೂ ಜೋಳ ಕೇಳಿದರೆ ಇಲ್ಲವೆನ್ನುತ್ತಿದ್ದರು. ಹೇಳೋದು ಶಾಸ್ತ್ರ, ಹಾಕೋದು ಗಾಳ. ಮಗಳಾಗಿ ಹೀಗೆ ಹೇಳಬಾರದು, ಆದರೂ ಹೇಳುತ್ತಿದ್ದೇನೆ.

ಹಗೇವಿನ ಬಾಯಿ ತೆಗೆದ ಮೇಲೆ ಒಂದು ದಿನ ಹಾಗೇ ಬಿಡಬೇಕು. ಒಳಗೆ ಕಟ್ಟಿಕೊಂಡ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ನಮ್ಮ ಕಡೆ ಇದು ಕೂಸಿಗೂ ಗೊತ್ತು. ಆದರೆ ಕಾಳು ಅಳೆದು ಒಯ್ಯುವ ಸರ್ಕಾರದವರು ನಾಳೆಯೇ ಬರುತ್ತಾರೆಂದು ಸುದ್ದಿ ಬಂತು. ಅಷ್ಟರೊಳಗೆ ಜೋಳ ಬೇರೆಡೆ ಸಾಗಬೇಕಿತ್ತು. ಅಪ್ಪ ಮಧ್ಯಾಹ್ನ ಬಾಯಿಯ ಬಂಡೆ ಸರಿಸಿದವರೇ, ದೀಪವನ್ನೂ ಬಿಡದೆ, ನಮ್ಮ ಮನೆಯ ಆಳಿನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಇಳಿಯುವ ಮುಂಚೆ ಆತ ನನ್ನ ಮುಖ ನೋಡಿದ. ನನಗಾಗ ಹದಿನೇಳು. ಬಾಯಿತ್ತು, ಬಿಡಲಿಲ್ಲ.

ಆತನ ಕಾಲು ಜೋಳ ಮುಟ್ಟಿದ್ದೇ ತಡ, ಹಗ್ಗ ಭಾರವಾಯಿತು. ಅಪ್ಪ ಹಗ್ಗ ಜಗ್ಗಿ ಕೂಗಿದರು. ಪಕ್ಕದ ಮನೆಯವರು ಓಡಿಬಂದು ಮೇಲೆಳೆದರು. ತುಟಿ ನೇರಳೆಯಾಗಿತ್ತು. ಅವರು ನೀರಿಗೆ ಓಡಿದಾಗ ಅಪ್ಪ ಆತನ ತಲೆಯ ಹತ್ತಿರ ಮೊಣಕಾಲೂರಿದರು.

"ಸ್ವಾಮಿ, ಇವನು ಉಳೀಲಿ. ಒಳಗಿರೋ ಜೋಳ ಒಂದು ಕಾಳೂ ಬಿಡದಂಗೆ ಇವನ ಮನೆಗೇ ಕೊಡ್ತೀನಿ."

ಕೇಳಿದ್ದು ನಾನೊಬ್ಬಳೇ. ಸ್ವಲ್ಪ ಹೊತ್ತಿಗೆ ಆತ ಕೆಮ್ಮಿದ, ಉಸಿರಾಡಿದ. ಸರ್ಕಾರದವರು ಆ ವಾರ ಬರಲೇ ಇಲ್ಲ. ಅಪ್ಪ ಆತನ ಮನೆಗೆ ಎರಡು ಚೀಲ ಕಳಿಸಿ, ತಾವು ಹರಕೆ ಹೊತ್ತಿದ್ದು ಇಷ್ಟೇ ಎಂದು ಊರಿಗೆಲ್ಲ ಹೇಳಿ, ಬಂಡೆ ಮುಚ್ಚಿಸಿದರು.

ನನಗೆ ಅನ್ನ ಸೇರಲಿಲ್ಲ. ವೇದದಲ್ಲಿ ಗಂಡಹೆಂಡಿರ ಕತೆಯೊಂದಿದೆ. ಹೊಲ ಮಾರಿದ ಹಣದಲ್ಲಿ ಒಂದಿಷ್ಟು ಬಚ್ಚಿಟ್ಟು, ಉಳಿದದ್ದನ್ನು ದೇವರಿಗೆಂದು ಸಭೆಯ ಹಿರಿಯರ ಮುಂದೆ ತಂದಿಟ್ಟು, ಬಂದದ್ದೆಲ್ಲ ಇದೇ ಎಂದ ಗಂಡ ನಿಂತಲ್ಲೇ ಸತ್ತ. ಆಮೇಲೆ ಬಂದ ಹೆಂಡತಿಯನ್ನೂ ಕೇಳಿದರು. ಹೌದು, ಇಷ್ಟೇ ಎಂದಳು, ಅವಳೂ ಸತ್ತಳು. ಅಪ್ಪ ಊಟಕ್ಕೆ ಕೂತು ಕೆಮ್ಮಿದರೂ ನಾನು ಓಡಿಹೋಗಿ ನೋಡುತ್ತಿದ್ದೆ. ಯಾರಾದರೂ ನನ್ನನ್ನೂ ಕೇಳಿಬಿಟ್ಟರೆ ಗತಿಯೇನು ಎಂದು ಬಾವಿಗೂ ಒಬ್ಬಳೇ ಹೋಗುತ್ತಿದ್ದೆ.

ಎಂಟನೇ ದಿನ ಆಳಿನ ಹೆಂಡತಿಯೇ ಬಂದಳು. ಗಂಡ ಇನ್ನೂ ಎದ್ದು ನಡೆಯುತ್ತಿಲ್ಲವೆಂದಳು. ಅಪ್ಪ ಒಳಗೇ ಇದ್ದರು, ಬಾಗಿಲು ತೆರೆದಿತ್ತು. ಆಕೆ ದನಿ ತಗ್ಗಿಸಿದಳು.

"ನಿಜ ಹೇಳ್ರವ್ವ. ನಿಮ್ಮಪ್ಪಾರು ಹರಕೆ ಹೊತ್ತಿದ್ದು ಎರಡೇ ಚೀಲನಾ?"

ದೇವರಿಗಿಂತ ಅಪ್ಪ ಹತ್ತಿರದಲ್ಲಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೌದು, ಎರಡೇ ಅಂದೆ. ಅಂದು ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಆಕೆ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

"ಅವತ್ತು ನಮ್ಮನೆಯವ್ರಿಗೆ ಕಣ್ಣು ಬಿಡಾಕೆ ಆಗಿರ್ಲಿಲ್ಲ ಅಷ್ಟೇ ಕಣವ್ವ," ಎಂದಳು. "ಕಿವಿ ಕೇಳ್ತಿತ್ತು."

ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಹೋದಳು.